ಎಳೆ ಎಣಿಸುವ ಕಸೂತಿಗೆ ಅವಸರ ಸಲ್ಲದು

ಧಾರವಾಡ ಸೀಮೆಯ ಹೆಣ್ಣುಮಕ್ಕಳ ಕೈಯಲ್ಲಿ ಬೆಳೆದ ಕಸೂತಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳು ಮೂಡುವುದು ಸಾಂಪ್ರದಾಯಿಕವಾಗಿ ಅಚ್ಚಿನ ನೆರವಿಲ್ಲದೆ, ಬಟ್ಟೆಯ ಎಳೆ ಎಣಿಸಿಯೇ.

ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳು ಇದರ ಜೀವಾಳ. ಗವಂತಿಯಲ್ಲಿ ಸೂಜಿ ಹೋಗುವಾಗ ನಡುನಡುವೆ ಸಂದು ಬಿಟ್ಟು ಸಾಗಿ, ಮರಳುವಾಗ ಅವನ್ನು ತುಂಬುತ್ತದೆ. ಗಂಟಿಗೆ ಜಾಗವಿಲ್ಲ, ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು. ಹೋಗುವಾಗ ಒಂದೇ ಎಳೆ ತಪ್ಪಿದರೂ ಬರುವಾಗ ಗೆರೆ ಕೂಡದು, ಬಿಚ್ಚದೆ ಗತ್ಯಂತರವಿಲ್ಲ. ಹೀಗಾಗಿ ಇಲ್ಲಿ ಅವಸರ ಮಾಡಿದವರೇ ಹಿಂದೆ ಬೀಳುತ್ತಾರೆ.

ಮಹಾನಗರದ ಓಟದಲ್ಲಿರುವ ಮಹಿಳೆಯರು ‘ಪುರುಸೊತ್ತಿಲ್ಲ’ ಎಂದು ಸೂಜಿ ಕೆಳಗಿಡುವುದುಂಟು. ಯಂತ್ರದ ಕಸೂತಿ ಅಗ್ಗಕ್ಕೆ ಸಿಗುವಾಗ ಕೈಕೆಲಸಕ್ಕೆ ತಕ್ಕ ಬೆಲೆ ದೊರೆಯುವುದೂ ಕಷ್ಟ. ಆದರೆ ಇಡೀ ಸೀರೆಯ ಹಂಬಲ ಬಿಟ್ಟು, ಎಳೆ ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ಮೇಲೆ ದಿನಕ್ಕೊಂದು ಸಾಲು ಹಾಕಿದರೂ ಕೈ ಕುದುರುತ್ತದೆ. ಪಕ್ಕದವರ ವೇಗ ನೋಡಬೇಕಿಲ್ಲ. ತಮ್ಮ ಎಣಿಕೆ ತಪ್ಪದಿದ್ದರೆ ಸಾಕು.

ಕನ್ನಡ ಸಂಘಗಳ ಮಹಿಳಾ ವಿಭಾಗಗಳು ವಾರಕ್ಕೊಂದು ಗಂಟೆ ಇದಕ್ಕೆ ಮೀಸಲಿಟ್ಟರೆ, ಅಜ್ಜಿಯರ ಕೈಯ ಲೆಕ್ಕ ಮೊಮ್ಮಕ್ಕಳಿಗೆ ದಾಟೀತು.