ಮಾಡದೆ ಬಿಟ್ಟ ಪರೀಕ್ಷೆ

1996ರ ಜೂನ್ 4. ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿಯ ಫ್ರೆಂಚ್ ಗಯಾನಾದಲ್ಲಿರುವ ಕೌರು ಉಡಾವಣಾ ಕೇಂದ್ರ. ಐರೋಪ್ಯ ರಾಷ್ಟ್ರಗಳು 1987ರಲ್ಲಿ ಒಪ್ಪಿಗೆ ಕೊಟ್ಟಿದ್ದ ಏರಿಯಾನ್-5 ಯೋಜನೆಯ ಮೊದಲ ರಾಕೆಟ್ ಅಂದು ಹಾರಬೇಕಿತ್ತು. ಅದರ ನೆತ್ತಿಯಲ್ಲಿ ‘ಕ್ಲಸ್ಟರ್’ ಹೆಸರಿನ ನಾಲ್ಕು ಉಪಗ್ರಹಗಳಿದ್ದವು. ಭೂಮಿಯ ಸುತ್ತಲಿನ ಕಾಂತಾವರಣವನ್ನು ಅಭ್ಯಾಸ ಮಾಡುವುದು ಅವುಗಳ ಕೆಲಸ. ರಾಕೆಟ್ ಮೇಲೇರುವುದು ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತಿರಬೇಕು ಎಂಬ ನಿಯಮವಿದ್ದುದರಿಂದ ಬಾನು ತಿಳಿಯಾಗಲೆಂದು ಸುಮಾರು ಒಂದು ಗಂಟೆ ಕಾದರು. ಸ್ಥಳೀಯ ಸಮಯ 9 ಗಂಟೆ 33 ನಿಮಿಷ 59 ಸೆಕೆಂಡಿಗೆ ಮುಖ್ಯ ಎಂಜಿನ್ ಚಾಲನೆಯ ಗಳಿಗೆ ಬಂತು. ಮುಂದಿನ 36 ಸೆಕೆಂಡು ಎಲ್ಲವೂ ಲೆಕ್ಕದಂತೆಯೇ ನಡೆಯಿತು. 39ನೆಯ ಸೆಕೆಂಡಿನ ಹೊತ್ತಿಗೆ ರಾಕೆಟ್ ದಾರಿ ತಪ್ಪಿ ವಾಲಿ, ಒಡೆದು, ಸುಮಾರು 3,700 ಮೀಟರ್ ಎತ್ತರದಲ್ಲಿ ಸ್ಫೋಟಿಸಿತು.

ಎಂಜಿನ್ನಿನಲ್ಲಿ ದೋಷವಿರಲಿಲ್ಲ, ಇಂಧನವೂ ಸೋರಿರಲಿಲ್ಲ. ಕೈಕೊಟ್ಟದ್ದು ತಂತ್ರಾಂಶ, ಎಂದರೆ ಸಾಫ್ಟ್‌ವೇರ್. ಅದು ಹಾಗೇಕೆ ಮಾಡಿತು ಎಂಬುದಕ್ಕಿಂತ, ಹಾಗೆ ಮಾಡೀತೆಂದು ಮೊದಲೇ ಯಾರಿಗೂ ತಿಳಿಯಲಿಲ್ಲವೇಕೆ ಎಂಬ ಪ್ರಶ್ನೆಯೇ ಹೆಚ್ಚು ಕುತೂಹಲದ್ದು. ತಂತ್ರಾಂಶ ಪರೀಕ್ಷೆಯನ್ನು ವೃತ್ತಿಯಾಗಿ ಆರಿಸಿಕೊಳ್ಳುವವರಿಗೆ, ಪರೀಕ್ಷಾ ತಂಡಗಳನ್ನು ನಡೆಸುವವರಿಗೆ ಇಂದಿಗೂ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ದೋಷವನ್ನು ತಿಳಿಯೋಣ. ರಾಕೆಟ್ ಎಷ್ಟು ವೇಗದಲ್ಲಿದೆ, ಯಾವ ಕಡೆ ವಾಲಿದೆ ಎಂದು ಅಳೆದು ಹೇಳುವ ಒಂದು ಘಟಕ ಅದರಲ್ಲಿತ್ತು. ಅದರೊಳಗಿನ ಗಣಕ 64 ಬಿಟ್‌ಗಳ ಒಂದು ದಶಮಾಂಶ ಸಂಖ್ಯೆಯನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಬದಲಿಸಬೇಕಿತ್ತು. ಅಂಥ 16 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಬಂದ ಸಂಖ್ಯೆ ಅದಕ್ಕಿಂತ ದೊಡ್ಡದಾಗಿತ್ತು. ಉತ್ತರ ಪತ್ರಿಕೆಯ ಮೇಲೆ ಅಂಕ ತುಂಬಲು ಎರಡೇ ಚೌಕಗಳಿವೆ ಎಂದುಕೊಳ್ಳಿ. 99ರ ತನಕ ತೊಂದರೆಯಿಲ್ಲ. ಒಬ್ಬ ಜಾಣ ಹುಡುಗ ನೂರಕ್ಕೆ ನೂರು ತೆಗೆದ! ಈಗ ಮೌಲ್ಯಮಾಪಕರು ಏನು ಮಾಡಬೇಕು? ಏರಿಯಾನ್‌ನ ಆ ಗಣಕ ಮಾಡಿದ್ದೆಂದರೆ, ಪೆನ್ನು ಕೆಳಗಿಟ್ಟು ಕೋಣೆಯಿಂದ ಎದ್ದು ಹೋಗುವ ಕೆಲಸ. ಸಹಾಯಕ್ಕೆಂದು ಅಂಥದೇ ಎರಡನೆಯ ಘಟಕವೂ ಇತ್ತು. ಆದರೆ ಅದರಲ್ಲಿದ್ದುದೂ ಅದೇ ತಂತ್ರಾಂಶ. ಒಬ್ಬನನ್ನು ನೋಡಿ ಇನ್ನೊಬ್ಬ ಬರೆದರೆ ತಪ್ಪೂ ಒಂದೇ ಆಗಿರುತ್ತದಷ್ಟೆ; ಅದು 72 ಮಿಲಿಸೆಕೆಂಡು ಮೊದಲೇ ಇದೇ ಕಾರಣಕ್ಕೆ ನಿಂತುಹೋಗಿತ್ತು. ನಿಲ್ಲುವ ಮುನ್ನ ಘಟಕ ಕಳಿಸಿದ ದೋಷದ ಸಂದೇಶವನ್ನು ಮುಖ್ಯ ಗಣಕ ಹಾರಾಟದ ಮಾಹಿತಿ ಎಂದೇ ಓದಿಕೊಂಡು, ಇಲ್ಲದ ವಾಲುವಿಕೆಯನ್ನು ಸರಿಪಡಿಸಲು ಎಂಜಿನ್ ಮೂತಿಗಳನ್ನು ಪೂರ್ತಿ ತಿರುಗಿಸಿಬಿಟ್ಟಿತು.

ಈ ತಂತ್ರಾಂಶ ಹೊಸದೇನಲ್ಲ. ಹಿಂದಿನ ಏರಿಯಾನ್-4 ರಾಕೆಟ್ಟಿನಲ್ಲಿ ಚೆನ್ನಾಗಿಯೇ ದುಡಿದಿತ್ತು. ಆದರೆ ಏರಿಯಾನ್-5ರ ಅಡ್ಡ ವೇಗ ಅದಕ್ಕಿಂತ ಐದು ಪಟ್ಟು ಬೇಗ ಏರುತ್ತದೆ. ಇನ್ನೂ ವಿಚಿತ್ರವೆಂದರೆ, ಆ ಲೆಕ್ಕಾಚಾರ ಬೇಕಿದ್ದುದು ರಾಕೆಟ್ ನೆಲ ಬಿಡುವ ಮೊದಲು ಮಾತ್ರ. ಕೊನೆಯ ಗಳಿಗೆಯಲ್ಲಿ ಎಣಿಕೆ ನಿಂತರೆ ಬೇಗ ಮತ್ತೆ ಆರಂಭಿಸಲು ಅನುಕೂಲವಾಗಲೆಂದು ಹಳೆಯ ರಾಕೆಟ್ಟುಗಳಿಗಾಗಿ ಅದನ್ನು ಹಾರಿದ ಮೇಲೂ ಸುಮಾರು 40 ಸೆಕೆಂಡು ನಡೆಯುವಂತೆ ಬಿಟ್ಟಿದ್ದರು. ಹೊಸ ರಾಕೆಟ್ಟಿಗೆ ಅದರ ಅಗತ್ಯವೇ ಇರಲಿಲ್ಲ.

ಫ್ರಾನ್ಸಿನ ಗಣಿತಜ್ಞ ಝಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಸಮಿತಿ ಒಂದೂವರೆ ತಿಂಗಳಲ್ಲಿ, ಜುಲೈ 19ರಂದು, ವರದಿ ಕೊಟ್ಟಿತು. ಪರೀಕ್ಷೆಗಳ ಬಗ್ಗೆ ಅದು ಹೇಳಿದ್ದನ್ನು ನಿಧಾನವಾಗಿ ಓದಬೇಕು. ಏರಿಯಾನ್-5ಕ್ಕೆ ನಾಲ್ಕು ಹಂತಗಳ ಪರೀಕ್ಷೆ ಇತ್ತು: ಬಿಡಿ ಘಟಕಗಳದು, ಮುಖ್ಯ ಗಣಕದ ತಂತ್ರಾಂಶದ್ದು, ರಾಕೆಟ್ಟಿನ ಭಾಗಗಳ ಜೋಡಣೆಯದು, ಕೊನೆಗೆ ಇಡೀ ವ್ಯವಸ್ಥೆಯದು. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಬೇಕಿಲ್ಲ. ಆದರೂ ದೋಷ ನಾಲ್ಕನ್ನೂ ದಾಟಿತು. ಬಿಡಿ ಘಟಕವನ್ನು ಪರೀಕ್ಷಿಸಿದವರು ಅದರ ನಿರ್ದೇಶನ ಪತ್ರದಲ್ಲಿ ಇದ್ದುದನ್ನೆಲ್ಲ ಪರೀಕ್ಷಿಸಿದರು. ಆ ಪತ್ರದಲ್ಲಿ ಏರಿಯಾನ್-5 ಹಾರುವ ಪಥದ ವಿವರವನ್ನೇ ಸೇರಿಸಿರಲಿಲ್ಲ. ಇಡೀ ವ್ಯವಸ್ಥೆಯನ್ನು ಪರೀಕ್ಷಿಸಿದ ಪ್ರಯೋಗಾಲಯದಲ್ಲಿ ನಿಜವಾದ ಘಟಕದ ಜಾಗದಲ್ಲಿ ಅದನ್ನು ಅನುಕರಿಸುವ ಒಂದು ಪ್ರೋಗ್ರಾಮ್ ಕೂತಿತ್ತು. ‘ಘಟಕ ಈಗಾಗಲೇ ತೇರ್ಗಡೆಯಾಗಿದೆಯಲ್ಲ’ ಎಂಬುದು ಒಂದು ಕಾರಣ. ನಿಜವಾದ ಘಟಕಕ್ಕೆ ಬೇಕಾದಷ್ಟು ನಿಖರವಾದ ಕೃತಕ ಸಂಕೇತಗಳನ್ನು ಕೊಡುವುದು ಕಷ್ಟ ಎಂಬುದು ಇನ್ನೊಂದು. ಪ್ರಯೋಗಾಲಯದ ವ್ಯವಸ್ಥೆಗೂ ಘಟಕಕ್ಕೂ ವೇಗದಲ್ಲಿ ಹೊಂದಿಕೆಯಾಗದು ಎಂಬುದು ಮತ್ತೊಂದು.

ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಸಭೆಯಲ್ಲಿ ಕುಳಿತವರು ತಲೆಯಾಡಿಸುವಂಥ ಕಾರಣಗಳೇ. ದೋಷದ ಸಾಧ್ಯತೆ ಗೊತ್ತೇ ಇರಲಿಲ್ಲ ಎನ್ನುವ ಹಾಗೂ ಇಲ್ಲ. ಹೀಗೆ ಮಿತಿ ಮೀರಬಹುದಾದ ಏಳು ಸಂಖ್ಯೆಗಳನ್ನು ಗುರುತಿಸಿ ನಾಲ್ಕಕ್ಕೆ ರಕ್ಷಣೆ ಕೊಟ್ಟಿದ್ದರು. ಗಣಕದ ಮೇಲಿನ ಹೊರೆ ಶೇ 80ನ್ನು ಮೀರಬಾರದೆಂದು ಮೂರನ್ನು ಹಾಗೇ ಬಿಟ್ಟಿದ್ದರು. ಈ ತೀರ್ಮಾನಗಳಲ್ಲಿ ಯೋಜನೆಯ ಪಾಲುದಾರರೆಲ್ಲ ಸೇರಿದ್ದರು. ಅಪಘಾತದ ನಂತರ ನಿಜವಾದ ಪಥದ ಮಾಹಿತಿ ಕೊಟ್ಟು ಅದೇ ತಂತ್ರಾಂಶವನ್ನು ನಡೆಸಿದಾಗ ದೋಷ ಚಾಚೂ ತಪ್ಪದೆ ಮರುಕಳಿಸಿತು. ಹಾರಿದ ಮೇಲೆ ಮಾಡಲಾದ ಈ ಪರೀಕ್ಷೆಯನ್ನು ಹಾರುವ ಮೊದಲೇ ಮಾಡಬಹುದಿತ್ತು.

ಸಮಿತಿ ಕೊಟ್ಟ ಸಲಹೆಗಳಲ್ಲಿ ಪ್ರೋಗ್ರಾಮ್ ಬರೆಯುವವರಿಗಿಂತ ಯೋಜನೆ ನಡೆಸುವವರಿಗೆ ಹೇಳಿದ್ದೇ ಹೆಚ್ಚು. ಸಾಧ್ಯವಾದಷ್ಟು ನಿಜವಾದ ಉಪಕರಣಗಳನ್ನೇ ಇಟ್ಟು, ನಿಜವಾದ ಪಥದ ಮಾಹಿತಿ ಕೊಟ್ಟು, ಪ್ರತಿ ಹಾರಾಟಕ್ಕೂ ಮೊದಲು ಪೂರ್ಣ ಪರೀಕ್ಷೆ ಮಾಡಿ. ಪರಿಶೀಲನೆಗೆ ಯೋಜನೆಯ ಹೊರಗಿನವರನ್ನೂ ಕರೆಯಿರಿ. ಪಾಲುದಾರರಲ್ಲಿ ಯಾರ ಜವಾಬ್ದಾರಿ ಎಲ್ಲಿಯವರೆಗೆ ಎಂಬುದು ಸ್ಪಷ್ಟವಿರಲಿ. ಇಂಥವು. ಏರಿಯಾನ್-5 ಆಮೇಲೆ ಚೇತರಿಸಿಕೊಂಡು 2023ರ ಜುಲೈವರೆಗೆ ಹಾರಿತು. ನಮ್ಮ ಬೆಂಗಳೂರಿನಲ್ಲಿ ಸಿದ್ಧವಾದ 5,854 ಕಿಲೋಗ್ರಾಂ ತೂಕದ ಜಿಸ್ಯಾಟ್-11 ಉಪಗ್ರಹವನ್ನು 2018ರ ಡಿಸೆಂಬರ್ 5ರಂದು ಅದೇ ಕೌರುವಿನಿಂದ ಮೇಲಕ್ಕೊಯ್ದದ್ದೂ ಅದೇ ರಾಕೆಟ್. ಅಂದು ಕಕ್ಷೆ ಸೇರಿದ ಉಪಗ್ರಹದ ಹತೋಟಿಯನ್ನು ಹಾಸನದ ನಿಯಂತ್ರಣ ಕೇಂದ್ರ ವಹಿಸಿಕೊಂಡಿತು.

‘ಎಲ್ಲವನ್ನೂ ಪರೀಕ್ಷಿಸಿಬಿಟ್ಟರೆ ಮುಗಿಯಿತಲ್ಲ’ ಎಂದು ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ಒಂದು ಲೆಕ್ಕ ಮಾಡಿ ನೋಡಲಿ. ತಲಾ 16 ಬಿಟ್‌ಗಳ ಎರಡು ಸಂಖ್ಯೆಗಳನ್ನು ಪಡೆಯುವ ಒಂದು ಸಣ್ಣ ಪ್ರೋಗ್ರಾಮ್ ಇದೆ. ಆ ಎರಡು ಸಂಖ್ಯೆಗಳ ಜೋಡಿಗಳು ಸುಮಾರು 429 ಕೋಟಿ. ಸೆಕೆಂಡಿಗೆ ಹತ್ತು ಲಕ್ಷ ಪರೀಕ್ಷೆ ನಡೆಸಿದರೆ 72 ನಿಮಿಷದಲ್ಲಿ ಮುಗಿಯುತ್ತದೆ. ಇನ್ನೊಂದೇ ಒಂದು ಸಂಖ್ಯೆ ಸೇರಿಸಿ, ಅದೇ ವೇಗದಲ್ಲಿ ಪರೀಕ್ಷಿಸಿ. ಸುಮಾರು ಒಂಬತ್ತು ವರ್ಷ ಬೇಕು! ಬ್ಯಾಂಕಿನ ಅಥವಾ ರೈಲ್ವೆ ಟಿಕೆಟ್ಟಿನ ತಂತ್ರಾಂಶದಲ್ಲಿ ಇಂಥ ಸಂಖ್ಯೆಗಳು ಮೂರಲ್ಲ, ಸಾವಿರಾರು.

ಹಾಗಾಗಿ ಪರೀಕ್ಷಾ ಯೋಜನೆ ಎಂದರೆ ಏನನ್ನು ಪರೀಕ್ಷಿಸಬೇಕೆಂಬ ಪಟ್ಟಿ ಎಷ್ಟೋ, ಏನನ್ನು ಬಿಡಬೇಕೆಂಬ ತೀರ್ಮಾನವೂ ಅಷ್ಟೇ. ಪರೀಕ್ಷಾ ತಂಡದ ಮುಖ್ಯಸ್ಥರಿಗೆ ಸಂಬಳ ಕೊಡುವುದೇ ಈ ಎರಡನೆಯ ಕೆಲಸಕ್ಕೆ ಎಂದರೂ ಸಲ್ಲುತ್ತದೆ. ಯಾವುದು ಹೊಸದು, ಯಾವುದು ಬದಲಾಗಿದೆ, ಎಲ್ಲಿ ತಪ್ಪಿದರೆ ಜನರಿಗೆ ಹೆಚ್ಚು ನಷ್ಟ ಎಂದು ನೋಡಿ ಅವರು ತಂಡದ ಸಮಯವನ್ನು ಹಂಚಬೇಕು. ಬಡ್ಡಿಯ ಲೆಕ್ಕಕ್ಕೆ ಹತ್ತು ದಿನ ಕೊಟ್ಟರೆ ಪರದೆಯ ಬಣ್ಣಕ್ಕೆ ಅರ್ಧ ದಿನ ಸಾಕು. ಸಂಖ್ಯೆಗಳಲ್ಲಿ ಗಡಿಯ ಮೇಲಿನವನ್ನು ಬಿಡಬಾರದು: 32,767ನ್ನೂ 32,768ನ್ನೂ ಕೊಟ್ಟು ನೋಡಿದರೆ ನಡುವಿನ ಸಾವಿರ ಸಂಖ್ಯೆಗಳನ್ನು ಬಿಟ್ಟರೂ ಆದೀತು. ಹಳೆಯ ತಂತ್ರಾಂಶವನ್ನು ಹೊಸ ಜಾಗದಲ್ಲಿ ಬಳಸುವಾಗ ಹಳೆಯ ತೇರ್ಗಡೆ ಪತ್ರಕ್ಕೆ ಬೆಲೆ ಕೊಡುವಂತಿಲ್ಲ. ಬಿಟ್ಟದ್ದನ್ನೂ ಬಿಟ್ಟ ಕಾರಣವನ್ನೂ ಬರೆದಿಡಬೇಕು; ಯೋಜನೆಯ ಹಿರಿಯರು ಅದನ್ನು ಓದಿ ಸಹಿ ಹಾಕಬೇಕು. ಕೌರುವಿನಲ್ಲಿ ರಾಕೆಟ್ ಹಾರುವ ಮುನ್ನ ‘ಈ ಘಟಕವನ್ನು ಏರಿಯಾನ್-5ರ ಪಥದಲ್ಲಿ ಒಮ್ಮೆಯೂ ಪರೀಕ್ಷಿಸಿಲ್ಲ’ ಎಂಬ ಒಂದು ಸಾಲು ಎಲ್ಲರ ಕಣ್ಣಿಗೆ ಬೀಳುವಂತೆ ಇದ್ದಿದ್ದರೆ ಯಾರಾದರೂ ಒಬ್ಬರು ಕೈಯೆತ್ತುತ್ತಿದ್ದರೇನೋ.

ಸಮಯದ ಮಾತು ಇದಕ್ಕಿಂತ ಕಷ್ಟದ್ದು. ಐಬಿಎಂ ಕಂಪನಿಯ ದೊಡ್ಡ ತಂತ್ರಾಂಶ ಯೋಜನೆಯೊಂದನ್ನು ನಡೆಸಿದ್ದ ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ‘ದಿ ಮಿಥಿಕಲ್ ಮ್ಯಾನ್ ಮಂತ್’ ಪುಸ್ತಕದಲ್ಲಿ ತಮ್ಮ ಅನುಭವದ ಲೆಕ್ಕ ಕೊಟ್ಟಿದ್ದಾರೆ: ಒಟ್ಟು ಸಮಯದ ಮೂರನೆಯ ಒಂದು ಪಾಲು ಯೋಜನೆಗೆ, ಆರನೆಯ ಒಂದು ಪಾಲು ಪ್ರೋಗ್ರಾಮ್ ಬರೆಯಲು, ಉಳಿದ ಅರ್ಧ ಪೂರ್ತಿ ಪರೀಕ್ಷೆಗೆ. ಈ ಅರ್ಧವನ್ನು ಕೇಳಿದೊಡನೆ ಹೌಹಾರುವವರೇ ಹೆಚ್ಚು. ಪಾಠ ಮುಗಿಸುವುದು ತಡವಾದಾಗ ಶಾಲೆಗಳಲ್ಲಿ ಪುನರಾವರ್ತನೆಯ ದಿನಗಳನ್ನು ನುಂಗುವಂತೆ, ಬರೆಯುವುದು ತಡವಾದಾಗ ಕಂಪನಿಗಳು ಪರೀಕ್ಷೆಯ ದಿನಗಳನ್ನು ನುಂಗುತ್ತವೆ. ಗ್ರಾಹಕರಿಗೆ ಕೊಟ್ಟ ತಾರೀಖು ಮಾತ್ರ ಅಲ್ಲಾಡುವುದಿಲ್ಲ. ಆಗ ಹತ್ತು ಜನರನ್ನು ಹೊಸದಾಗಿ ತಂದು ತಂಡಕ್ಕೆ ಸೇರಿಸಿದರೆ? ತಡವಾದ ಯೋಜನೆಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದವರೂ ಬ್ರೂಕ್ಸರೇ. ಹೊಸಬರಿಗೆ ಕೆಲಸ ಕಲಿಸಬೇಕಾದವರು ಹಳಬರು ತಾನೆ?

ಇನ್ನು ತಂಡದ ವಿಷಯ. ತಾನೇ ಬರೆದ ಉತ್ತರವನ್ನು ತಾನೇ ಮತ್ತೆ ಓದಿದ ವಿದ್ಯಾರ್ಥಿಗೆ ತಪ್ಪು ಕಾಣದಿರುವುದು ಉಪಾಧ್ಯಾಯರಿಗೆಲ್ಲ ಗೊತ್ತು. ಬರೆಯಬೇಕೆಂದುಕೊಂಡದ್ದನ್ನೇ ಕಣ್ಣು ಓದುತ್ತದೆ. ಪ್ರೋಗ್ರಾಮರ್‌ಗೂ ಅಷ್ಟೇ. ಅಮೆರಿಕದ ಬಾಹ್ಯಾಕಾಶ ನೌಕೆ ‘ಶಟಲ್’ಗೆ ಹ್ಯೂಸ್ಟನ್ನಿನಲ್ಲಿ ತಂತ್ರಾಂಶ ಬರೆಯುತ್ತಿದ್ದ ಗುಂಪು ಇದನ್ನು ಗಂಭೀರವಾಗಿ ತೆಗೆದುಕೊಂಡಿತ್ತು. ಅಲ್ಲಿ ಬರೆಯುವವರೇ ಬೇರೆ, ಪರೀಕ್ಷಿಸುವವರೇ ಬೇರೆ. ಎರಡು ಗುಂಪುಗಳ ಮೇಲಧಿಕಾರಿಗಳೂ ಬೇರೆ ಬೇರೆ. ಪರೀಕ್ಷಕರು ಹಿಡಿಯುವ ಮುನ್ನ ತಾವೇ ತಪ್ಪು ಹಿಡಿಯಬೇಕೆಂದು ಬರೆಯುವವರು ಕೂತು ಒಬ್ಬರದನ್ನೊಬ್ಬರು ತಿದ್ದುತ್ತಿದ್ದರು. ಸಿಕ್ಕ ಪ್ರತಿ ದೋಷಕ್ಕೂ ದಾಖಲೆ: ಅದು ಹೇಗೆ ನುಸುಳಿತು, ಯಾವ ಪರೀಕ್ಷೆಗೆ ಸಿಗಬೇಕಿತ್ತು, ಅಂಥದೇ ಬೇರೆಲ್ಲಾದರೂ ಇದೆಯೇ. ಏರಿಯಾನ್ ಸಿಡಿದ ಅದೇ 1996ರ ಹೊತ್ತಿಗೆ, 4 ಲಕ್ಷ 20 ಸಾವಿರ ಸಾಲುಗಳ ಆ ತಂತ್ರಾಂಶದ ಕೊನೆಯ ಮೂರು ಆವೃತ್ತಿಗಳಲ್ಲಿ ಸಿಕ್ಕಿದ್ದು ತಲಾ ಒಂದೇ ದೋಷ. ಅವರಿಗೂ ಮುಗ್ಗರಿಸಿದ ದಿನವಿತ್ತು. 1981ರ ಏಪ್ರಿಲ್ 10ರಂದು ಗಣಕಗಳು ಪರಸ್ಪರ ತಾಳ ತಪ್ಪಿ ಮೊದಲ ಶಟಲ್ ಹಾರಾಟವನ್ನೇ ಎರಡು ದಿನ ಮುಂದೂಡಬೇಕಾಯಿತು. ಅಷ್ಟು ಹಣ, ಅಷ್ಟು ಜನ ಎಲ್ಲ ಕಂಪನಿಗಳಿಗೂ ಸಾಧ್ಯವಿಲ್ಲ ನಿಜ. ಆದರೆ ‘ಇದು ಇನ್ನೂ ಸಿದ್ಧವಾಗಿಲ್ಲ’ ಎಂದು ಹೇಳಿದ ಪರೀಕ್ಷಕನ ಬಡ್ತಿ, ಬೇಗ ಮುಗಿಸೆಂದು ಅವಸರ ಮಾಡುವ ಅಧಿಕಾರಿಯ ಕೈಯಲ್ಲೇ ಇರಬಾರದು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಬೆಂಗಳೂರಿಗೆ ಈ ಕೆಲಸದ ಪರಿಚಯ ಹಳೆಯದು. 1990ರ ದಶಕದ ಕೊನೆಯಲ್ಲಿ ವೈಟುಕೆ ಗದ್ದಲವೆದ್ದಾಗ, ಇಸವಿಗೆ ಎರಡೇ ಚೌಕಗಳಿದ್ದ ಹಳೆಯ ಪ್ರೋಗ್ರಾಮುಗಳನ್ನು ತಿದ್ದಿ, ತಿದ್ದಿದ ಮೇಲೆ ಉಳಿದದ್ದೆಲ್ಲ ಮೊದಲಿನಂತೆ ನಡೆಯುತ್ತಿದೆಯೇ ಎಂದು ಪರೀಕ್ಷಿಸುವ ಕೆಲಸ ಇಲ್ಲಿನ ಕಂಪನಿಗಳಿಗೆ ಹೇರಳವಾಗಿ ಬಂತು. ಆದರೂ ಮಗಳಿಗೆ ಟೆಸ್ಟಿಂಗ್ ವಿಭಾಗ ಸಿಕ್ಕಿತೆಂದರೆ ‘ಬರೀ ಟೆಸ್ಟಿಂಗಾ?’ ಎಂದು ಮುಖ ಸಣ್ಣದು ಮಾಡುವ ಪೋಷಕರು ಈಗಲೂ ಇದ್ದಾರೆ. ಕೊಟ್ಟ ಪಟ್ಟಿ ಹಿಡಿದು ಗುಂಡಿ ಒತ್ತುತ್ತ ಕೂರುವ ಕೆಲಸವಾದರೆ ಅವರ ಚಿಂತೆ ಸರಿಯೇ. ಅದನ್ನು ಯಂತ್ರಗಳು ಬಹುಪಾಲು ವಹಿಸಿಕೊಂಡಿವೆ; ಪರೀಕ್ಷೆಗಳ ಪಟ್ಟಿಯನ್ನೂ ಈಗ ಕೃತಕ ಬುದ್ಧಿಮತ್ತೆ ಬರೆದುಕೊಡುತ್ತದೆ. ಆ ಪಟ್ಟಿಯಲ್ಲಿ ಇಲ್ಲದಿರುವುದೇನು ಎಂದು ಕೇಳುವವರು ಮಾತ್ರ ಬೇಕೇ ಬೇಕು. ಅಂಥವರಿಗೆ ಪ್ರೋಗ್ರಾಮ್ ಬರೆಯಲು ಬರಬೇಕು, ನಿರ್ದೇಶನ ಪತ್ರವನ್ನು ವಕೀಲರಂತೆ ಓದಲು ಬರಬೇಕು. ಕಂಡ ದೋಷವನ್ನು, ಬರೆದವರ ಮನ ನೋಯದಂತೆ, ಅವರು ತಮ್ಮ ಮೇಜಿನಲ್ಲಿ ಮತ್ತೆ ಮಾಡಿ ನೋಡುವಷ್ಟು ಸ್ಪಷ್ಟವಾಗಿ ನಾಲ್ಕು ಸಾಲಿನಲ್ಲಿ ಬರೆಯಲೂ ಬರಬೇಕು. ಭಾಷೆಯ ಪಾಠವನ್ನು ಕಡೆಗಣಿಸುವ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸುವುದೊಳ್ಳೆಯದು.

ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲೇ ಇದನ್ನು ಅಭ್ಯಾಸ ಮಾಡಬಹುದು. ಎರಡು ತಂಡಗಳು ತಮ್ಮ ಪ್ರೋಗ್ರಾಮುಗಳನ್ನು ಎರಡು ವಾರಕ್ಕೆ ಅದಲುಬದಲು ಮಾಡಿಕೊಳ್ಳಲಿ. ಬರೆದವರು ಪಕ್ಕದಲ್ಲಿ ನಿಂತು ‘ಅಲ್ಲಿ ಒತ್ತಬೇಡ’ ಎನ್ನುವಂತಿಲ್ಲ. ವರದಿಯ ಕೊನೆಗೆ ಒಂದು ಹಾಳೆ ಹೆಚ್ಚಿಗೆ ಇರಲಿ: ಏನೇನನ್ನು ಪರೀಕ್ಷಿಸಲಿಲ್ಲ, ಏಕೆ. ಮೌಖಿಕ ಪರೀಕ್ಷೆಗೆ ಬಂದ ಅಧ್ಯಾಪಕರು ಮೊದಲು ತಿರುವಿ ನೋಡಬೇಕಾದ ಹಾಳೆ ಅದು.