ಹಳೆಯ ಕಸುಬನ್ನು ಮರೆಯದ ಜೀವಕೋಶಗಳು

ನಮ್ಮ ಬಳಗದ ತಿಂಗಳ ಸಭೆಯಲ್ಲಿ ಕಥೆ, ಕವಿತೆಗಳ ಚರ್ಚೆ ಮುಗಿಸಿ ಕಾಫಿಗೆ ಎದ್ದೊಡನೆ ಮಾತು ಬಿ.ಪಿ.ಯ ಕಡೆಗೆ ಹೊರಳುವುದು ಈಚೆಗೆ ವಾಡಿಕೆಯಾಗಿಬಿಟ್ಟಿದೆ. ಐವತ್ತು ದಾಟಿದ ನಮ್ಮಲ್ಲಿ ಹಲವರು 'ಪ್ರಿಲ್' ಎಂದೋ 'ಸಾರ್ಟಾನ್' ಎಂದೋ ಹೆಸರು ಮುಗಿಯುವ ಮಾತ್ರೆಯನ್ನು ದಿನವೂ ನುಂಗುತ್ತೇವೆ. ಅದು ತಡೆಯುವುದು ಏನನ್ನು ಎಂದು ಯಾರಾದರೂ ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಉತ್ತರ ಹುಡುಕಲು ನಾವು ಹೋಗಬೇಕಾದದ್ದು ಹೃದಯಕ್ಕಲ್ಲ, ಮೂತ್ರಪಿಂಡಕ್ಕೆ.

1898ರಲ್ಲಿ ಸ್ಟಾಕ್‌ಹೋಮಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯಲ್ಲಿ ರಾಬರ್ಟ್ ಟೈಗರ್‌ಸ್ಟೆಟ್ ಮತ್ತು ಪೇರ್ ಬರ್ಗ್‌ಮನ್ ಎಂಬಿಬ್ಬರು ಮೊಲದ ಮೂತ್ರಪಿಂಡವನ್ನು ಅರೆದು, ಅದರ ಸಾರವನ್ನು ಬೇರೆ ಮೊಲಗಳ ರಕ್ತಕ್ಕೆ ಸೇರಿಸಿದರು. ರಕ್ತದೊತ್ತಡ ಏರಿತು. ಆ ಅಜ್ಞಾತ ವಸ್ತುವಿಗೆ ಅವರಿಟ್ಟ ಹೆಸರು 'ರೆನಿನ್'. ಬಹುಕಾಲ ಅದನ್ನು ಯಾರೂ ಅಷ್ಟಾಗಿ ಲೆಕ್ಕಿಸಲಿಲ್ಲ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್, ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಸ್ವಲ್ಪ ಬಿಗಿದರೆ ರಕ್ತದೊತ್ತಡ ಏರಿ ಹಾಗೆಯೇ ನಿಲ್ಲುತ್ತದೆಂದು ತೋರಿಸಿದ ಮೇಲೆ ಮತ್ತೆ ಎಲ್ಲರ ಕಣ್ಣು ಇತ್ತ ಬಿತ್ತು.

ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ರಕ್ತ ಸೋಸುವ ಸುಮಾರು 10 ಲಕ್ಷ ಪುಟ್ಟ ಘಟಕಗಳಿವೆ. ಅವುಗಳಿಗೆ ರಕ್ತ ತರುವ ಕಿರುನಾಳದ ತುದಿಯಲ್ಲಿ, ನಾಳದ ಗೋಡೆಯೊಳಗೇ, ರೆನಿನ್ ತಯಾರಿಸುವ ಜೀವಕೋಶಗಳು ಕಾವಲು ಕೂತಿರುತ್ತವೆ. ಒತ್ತಡ ಇಳಿದರೆ, ಪಕ್ಕದ ಕೊಳವೆಯಲ್ಲಿ ಉಪ್ಪು ಕಡಿಮೆಯಾದರೆ, ಅಥವಾ ನರಗಳಿಂದ ಸೂಚನೆ ಬಂದರೆ ರೆನಿನ್ ರಕ್ತಕ್ಕೆ ಬೀಳುತ್ತದೆ. ಹಾರ್ಮೋನುಗಳ ಸಾಲಿಗೆ ಸೇರಿಸುವುದು ರೂಢಿಯಾದರೂ ರೆನಿನ್ ನಿಜವಾಗಿ ಒಂದು ಕಿಣ್ವ, ಕತ್ತರಿಯಂಥದು. ಯಕೃತ್ತು ಕಳಿಸಿದ ಪ್ರೋಟೀನೊಂದನ್ನು ಅದು ಕತ್ತರಿಸುತ್ತದೆ. ಆ ತುಣುಕನ್ನು ಮುಖ್ಯವಾಗಿ ಶ್ವಾಸಕೋಶದಲ್ಲಿರುವ ಮತ್ತೊಂದು ಕಿಣ್ವ ಇನ್ನಷ್ಟು ಕತ್ತರಿಸಿದಾಗ ಹುಟ್ಟುವುದೇ 'ಆಂಜಿಯೊಟೆನ್ಸಿನ್-2'. ಇದು ರಕ್ತನಾಳಗಳನ್ನು ಬಿಗಿಯುತ್ತದೆ; ಅಡ್ರಿನಲ್ ಗ್ರಂಥಿಯ ಮೂಲಕ ಉಪ್ಪು, ನೀರನ್ನು ಮೈಯಲ್ಲೇ ಉಳಿಸುತ್ತದೆ. ಒತ್ತಡ ಏರುತ್ತದೆ, ರೆನಿನ್ ನಿಲ್ಲುತ್ತದೆ. 'ಪ್ರಿಲ್' ಮಾತ್ರೆ ಎರಡನೆಯ ಕತ್ತರಿಯನ್ನು ಹಿಡಿದು ನಿಲ್ಲಿಸಿದರೆ, 'ಸಾರ್ಟಾನ್' ಆಂಜಿಯೊಟೆನ್ಸಿನ್ನಿನ ಕೈ ಕಟ್ಟುತ್ತದೆ.

ಈ ಕಾವಲುಗಾರರು ಬೆಳೆಯುವ ರೀತಿಯಂತೂ ಇನ್ನೂ ಸೋಜಿಗ. ಭ್ರೂಣದ ಮೂತ್ರಪಿಂಡದಲ್ಲಿ ರೆನಿನ್ ಕೋಶಗಳು ತುದಿಯಲ್ಲಷ್ಟೇ ಅಲ್ಲ, ದೊಡ್ಡ ರಕ್ತನಾಳಗಳ ಉದ್ದಕ್ಕೂ ಹರಡಿರುತ್ತವೆ. ಅಂಗ ಬೆಳೆದಂತೆ ಅವುಗಳಲ್ಲಿ ಹೆಚ್ಚಿನವು ರೆನಿನ್ ಕಸುಬು ಬಿಟ್ಟು ನಾಳವನ್ನು ಹಿಗ್ಗಿಸಿ ಕುಗ್ಗಿಸುವ ಸ್ನಾಯುಕೋಶಗಳಾಗುತ್ತವೆ. ಆದರೆ ಕಲಿತದ್ದನ್ನು ಮರೆಯುವುದಿಲ್ಲ. ಒತ್ತಡ ಬಹುದಿನ ಕುಸಿದರೆ, ಉಪ್ಪಿಗೆ ತೀರಾ ಬರ ಬಂದರೆ, ಅದೇ ಸ್ನಾಯುಕೋಶಗಳು ಮತ್ತೆ ರೆನಿನ್ ತಯಾರಿಕೆಗೆ ಇಳಿಯುತ್ತವೆ. ಸಂಕಟ ಕಳೆದ ಮೇಲೆ ಹಿಂದಿನ ಕೆಲಸಕ್ಕೆ ಮರಳುತ್ತವೆ. ವರ್ಜೀನಿಯಾ ವಿಶ್ವವಿದ್ಯಾಲಯದ ಮರಿಯಾ ಲೂಯಿಸಾ ಸೆಕೆರಾ-ಲೋಪೆಜ್, ಏರಿಯಲ್ ಗೋಮೆಜ್ ಮತ್ತು ಸಂಗಡಿಗರು 2004ರಲ್ಲಿ ಇಲಿಗಳ ಕೋಶಗಳಿಗೆ ಗುರುತು ಹಾಕಿ ಇದನ್ನು ತೋರಿಸಿದರು. ನಾಡು ಬಿಟ್ಟು ಬೇರೆ ಬದುಕು ಕಟ್ಟಿಕೊಂಡ ನಮಗೆ ಈ ಕೋಶಗಳ ಮೇಲೆ ಅಕ್ಕರೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಅಕ್ಕರೆಯ ಜೊತೆ ಎಚ್ಚರವೂ ಬೇಕು. ಗರ್ಭದಲ್ಲಿ ಮೂತ್ರಪಿಂಡ ಸರಿಯಾಗಿ ರೂಪುಗೊಳ್ಳಲು ಇದೇ ವ್ಯವಸ್ಥೆ ಅಗತ್ಯ. ಆದ್ದರಿಂದ ಈ ಎರಡೂ ಬಗೆಯ ಮಾತ್ರೆಗಳು ಬಸುರಿಯರಿಗೆ ನಿಷಿದ್ಧ. ಮಗು ಬಯಸುವ ನಮ್ಮ ಹೆಣ್ಣುಮಕ್ಕಳು ಮೊದಲೇ ವೈದ್ಯರಿಗೆ ತಿಳಿಸಿ ಮಾತ್ರೆ ಬದಲಿಸಿಕೊಳ್ಳಬೇಕು. ಮಿಕ್ಕವರು, ಒತ್ತಡ ಸರಿಹೋಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಸರಿಹೋಗಿರುವುದು ಮಾತ್ರೆಯಿಂದಲೇ ಇರಬಹುದು. ವಾಂತಿ, ಭೇದಿಯಾಗಿ ಮೈಯ ನೀರು ಬತ್ತಿದಾಗ ಮಾತ್ರ ಮುಂದೇನೆಂದು ವೈದ್ಯರನ್ನು ತಪ್ಪದೆ ಕೇಳಬೇಕು. ಆಗ ದೇಹಕ್ಕೆ ಬೇಕಾದ ಕಾವಲನ್ನೇ ಮಾತ್ರೆ ಕಟ್ಟಿಹಾಕಿರುತ್ತದೆ.

ಇನ್ನು ಉಪ್ಪು. ಉಪ್ಪು ಸಿಗದ ಕಾಲದಲ್ಲಿ ಜೀವ ಉಳಿಸಿದ ಏರ್ಪಾಟಿದು. ನಾವೋ ಊರಿಂದ ಬಂದ ಉಪ್ಪಿನಕಾಯಿ ಭರಣಿಯ ಮುಂದೆ ಕೂತಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೂ ಒಳಗೆ. ಏರಿದ ರಕ್ತದೊತ್ತಡ ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಅಳೆದಾಗಲೇ ಗೊತ್ತಾಗುವುದು. ಮುಂದಿನ ಸಭೆಗೆ ಕವಿತೆಯ ಹಾಳೆಯೊಂದಿಗೆ ಬಿ.ಪಿ. ನೋಡುವ ಯಂತ್ರವನ್ನೂ ತರೋಣ. ಕಾಫಿಗೆ ಮೊದಲೇ ಎಲ್ಲರೂ ಒಮ್ಮೆ ತೋಳು ಚಾಚೋಣ.