ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಕಲ್ಲಿನ ಶವಪೆಟ್ಟಿಗೆ ಅಲೆಕ್ಸಾಂಡರನದೇ?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕಡುಬಣ್ಣದ ದೊಡ್ಡ ಕಲ್ಲಿನ ಶವಪೆಟ್ಟಿಗೆಯೊಂದಿದೆ. ಉದ್ದ 3 ಮೀಟರ್‌ಗೂ ಹೆಚ್ಚು, ತೂಕ ಸುಮಾರು 7 ಟನ್. ‘ಇದರಲ್ಲಿ ಮಲಗಿದ್ದವನು ಅಲೆಕ್ಸಾಂಡರ್’ ಎಂಬ ಮಾತು ಇನ್ನೂರು ವರ್ಷಗಳಿಂದ ಇದರ ಬೆನ್ನು ಬಿಟ್ಟಿಲ್ಲ. ಫೋಟೊ ಜೊತೆ ಇದೇ ಸಾಲು ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ, ಫಾರ್ವರ್ಡ್ ಒತ್ತುವ ಮುನ್ನ ಇದನ್ನು ಓದಿ.

ಈ ಮಾತು ಹುಟ್ಟಿದ್ದು ಹೇಗೆ?

ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದ ಅತ್ತಾರೀನ್ ಮಸೀದಿಯಲ್ಲಿ ಈ ಪೆಟ್ಟಿಗೆ ನೀರಿನ ತೊಟ್ಟಿಯಾಗಿತ್ತು. ನೀರು ಹೊರಬರಲೆಂದು ಬುಡದ ಸುತ್ತ ಕೊರೆದ ತೂತುಗಳು ಈಗಲೂ ಕಾಣುತ್ತವೆ. 1798ರಲ್ಲಿ ಬಂದ ನೆಪೋಲಿಯನ್ನನ ಸೇನೆಯ ಕೈಗೆ ಇದು ಸಿಕ್ಕಿತು. 1801ರಲ್ಲಿ ಫ್ರೆಂಚರು ಶರಣಾದಾಗ ಬ್ರಿಟಿಷರ ಪಾಲಾಯಿತು. ಎರಡು ಸಲವೂ ಈಜಿಪ್ಟಿನ ಜನರನ್ನು ಯಾರೂ ಕೇಳಲಿಲ್ಲ ಬಿಡಿ. ಊರವರ ನಂಬಿಕೆಯನ್ನೇ ಹಿಡಿದು ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಎಂಬ ಇಂಗ್ಲಿಷ್ ಪ್ರವಾಸಿ, ಇದು ಅಲೆಕ್ಸಾಂಡರನದೇ ಎಂದು 1805ರಲ್ಲಿ ಪುಸ್ತಕ ಬರೆದ. ಪೆಟ್ಟಿಗೆಯ ಮೈತುಂಬ ಬರಹವಿತ್ತು. ಆದರೆ ಅದನ್ನು ಓದಲು ಆಗ ಯಾರಿಗೂ ಬರುತ್ತಿರಲಿಲ್ಲ!

ಹಾಗಾದರೆ ಇದು ಯಾರದು?

1822ರಲ್ಲಿ ಫ್ರಾನ್ಸಿನ ಶಾಂಪೋಲಿಯೋ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ. ಅದಕ್ಕೆ ನೆರವಾದ ರೊಸೆಟ್ಟಾ ಕಲ್ಲು ಕೂಡ ಇದೇ ಪೆಟ್ಟಿಗೆಯಂತೆ 1801ರ ಒಪ್ಪಂದದಲ್ಲೇ ಬ್ರಿಟಿಷರಿಗೆ ಸಿಕ್ಕಿದ್ದು. ಲಿಪಿ ಓದಲು ಬಂದ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕ ಹೆಸರು ಎರಡನೇ ನೆಕ್ಟಾನೆಬೋ. ಈಜಿಪ್ಟಿನ ಕೊನೆಯ ಸ್ಥಳೀಯ ಫೇರೋ ಈತ. ಜೊತೆಗಿರುವುದು ಪಾತಾಳದಲ್ಲಿ ಸೂರ್ಯನ ರಾತ್ರಿಪಯಣವನ್ನು ಹೇಳುವ ‘ಅಮ್‌ದುವಾತ್’ ಗ್ರಂಥದ ಭಾಗಗಳು.

ಆದರೆ ನೆಕ್ಟಾನೆಬೋ ಕೂಡ ಇದರಲ್ಲಿ ಮಲಗಲಿಲ್ಲವೆಂದೇ ತೋರುತ್ತದೆ. ಕ್ರಿ.ಪೂ. 343ರ ಸುಮಾರಿಗೆ ಪರ್ಷಿಯನ್ನರು ದಾಳಿ ಮಾಡಿದಾಗ ಆತ ದಕ್ಷಿಣಕ್ಕೆ ಓಡಿಹೋದ. ಮುಂದೆ ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ಸತ್ತ ಅಲೆಕ್ಸಾಂಡರನ ದೇಹವನ್ನು ಮೊದಲು ಈಜಿಪ್ಟಿನ ಮೆಂಫಿಸ್‌ಗೆ, ನಂತರ ಅಲೆಕ್ಸಾಂಡ್ರಿಯಾಕ್ಕೆ ಒಯ್ದರು. ಖಾಲಿಯಿದ್ದ ಪೆಟ್ಟಿಗೆ ಆಗ ಬಳಕೆಯಾಗಿರಬಹುದು ಎಂದು ವಾದಿಸುವವರು ಇಂದಿಗೂ ಇದ್ದಾರೆ. ಅಸಾಧ್ಯವೆಂದು ನಾವೂ ಹೇಳುವುದಿಲ್ಲ. ಆದರೆ ಅದು ಊಹೆ; ಖಚಿತ ಪುರಾವೆ ಇಲ್ಲ. ಫಾರ್ವರ್ಡ್‌ಗಳಲ್ಲಿ ಮೊದಲು ಬಿದ್ದುಹೋಗುವುದು ಈ ‘ಇರಬಹುದು’ ಎಂಬ ಪದವೇ.

ಇನ್ನೊಂದು ಗೊಂದಲವೂ ಇದೆ. ಇಸ್ತಾಂಬುಲ್ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ‘ಅಲೆಕ್ಸಾಂಡರ್ ಶವಪೆಟ್ಟಿಗೆ’ ಎಂದೇ ಹೆಸರಾದ ಅಮೃತಶಿಲೆಯ ಪೆಟ್ಟಿಗೆಯಿದೆ. 1887ರಲ್ಲಿ ಈಗಿನ ಲೆಬನಾನ್‌ನ ಸೀದೋನಿನಲ್ಲಿ ಸಿಕ್ಕಿದ್ದು. ಅದರ ಮೇಲೆ ಅಲೆಕ್ಸಾಂಡರ್ ಯುದ್ಧ ಮಾಡುವ ಕೆತ್ತನೆ ಇರುವುದರಿಂದ ಆ ಹೆಸರು ಬಂತು, ಅಷ್ಟೆ. ಅಲ್ಲೂ ಅವನಿರಲಿಲ್ಲ.